ಹೊಸ ಪುಸ್ತಕ ಬಂದ ಲೇಖಕರನ್ನು ವೇದಿಕೆಯ ಮೇಲೆ ಮಾತಾಡಿಸುವುದು ಹೇಗೆ? ನಾನು ವಿಮರ್ಶಕನಲ್ಲ, ಬರೀ ಓದುಗ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಊರಿನ ಗ್ರಂಥಾಲಯದಲ್ಲಿ ಹೊಸ ಕಥೆಗಾರರೊಬ್ಬರ ಮೊದಲ ಸಂಕಲನ ಬಿಡುಗಡೆ. ಅವರನ್ನು ನಲವತ್ತು ನಿಮಿಷ ಮಾತಾಡಿಸುವ ಕೆಲಸ ನಿಮ್ಮ ತಲೆಗೆ ಬಿದ್ದಿದೆ. ಕೊನೆಗೆ ಕಂಸದೊಳಗೆ ಒಂದು ಮಾತು ಸೇರಿಸಿದ್ದೀರಿ: ‘ಎಲ್ಲ ಕಥೆಗಳೂ ಹಿಡಿಸಲಿಲ್ಲ, ಒಂಬತ್ತನೆಯದಂತೂ ಇಲ್ಲವೇ ಇಲ್ಲ.’ ನನ್ನ ಕಣ್ಣು ನಿಂತಿದ್ದು ಅಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ನಾನೂ ವಿಮರ್ಶಕನಲ್ಲ, ಬ್ಯಾಂಕ್ ನೌಕರ. ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಓದುಗರ ಬಳಗವಿದೆ. ಅದರ ದೆಸೆಯಿಂದ ಒಂಬತ್ತು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಲೇಖಕರ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ನಾಲ್ಕೈದು ಸಂವಾದ ಚೆನ್ನಾಗಿ ಆದವು. ಉಳಿದವು ‘ಆದವು’ ಅಷ್ಟೇ.

ಮೊದಲ ಸಲ ಇಪ್ಪತ್ತೆರಡು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಮೊದಲನೆಯದು, ‘ಈ ಕಾದಂಬರಿಗೆ ಪ್ರೇರಣೆ ಏನು?’ ಲೇಖಕರು ಹೇಳಿದರು. ಅವರು ಹೇಳಿದ್ದು ಅಕ್ಷರಶಃ ಪುಸ್ತಕದ ಅರಿಕೆಯಲ್ಲೇ ಅಚ್ಚಾಗಿತ್ತು, ನಾನೇ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದಿದ್ದೆ. ಎರಡನೆಯದು, ‘ನಿಮ್ಮ ಮೇಲೆ ಯಾರ ಪ್ರಭಾವ?’ ಕುವೆಂಪು, ಬೇಂದ್ರೆ, ತೇಜಸ್ವಿ, ಲಂಕೇಶ್ ಎಂದು ಶುರುವಾಗಿ, ಹೆಸರು ಬಿಟ್ಟುಹೋದವರಿಗೆ ಬೇಸರವಾದೀತೆಂಬಂತೆ ಪಟ್ಟಿ ಬೆಳೆಯಿತು. ಎಂಟನೆಯ ಪ್ರಶ್ನೆಯ ಹೊತ್ತಿಗೆ ಮೊದಲ ಸಾಲಿನ ಹಿರಿಯರೊಬ್ಬರು ತೂಕಡಿಸುತ್ತಿದ್ದರು. ಬೆಳಗಿನ ಉಪ್ಪಿಟ್ಟು, ಕೇಸರಿಬಾತಿನದೂ ಅದರಲ್ಲಿ ಪಾಲಿದೆ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಸಭಿಕರ ಸರದಿ. ಹಿಂದಿನ ಸಾಲಿನಿಂದ ಡಿಗ್ರಿ ಓದುವ ಹುಡುಗಿಯೊಬ್ಬಳು ಎದ್ದಳು. ‘ಸರ್, ನಲವತ್ತನೇ ಪುಟದಲ್ಲಿ ಅಜ್ಜಿ ತೀರಿಕೊಂಡು ಮನೆಯವರೆಲ್ಲ ಜಗಲೀಲಿ ಕೂತಿದ್ದಾರೆ. ಮುಂದಿನ ಪುಟದಲ್ಲಿ ಒಳಗೆ ಹಾಲು ಉಕ್ಕುತ್ತೆ. ಆ ಹಾಲನ್ನ ಒಲೆ ಮೇಲೆ ಇಟ್ಟಿದ್ದು ಯಾರು?’

ಸಭೆ ನಕ್ಕಿತು. ಲೇಖಕರೂ ನಕ್ಕರು. ಆಮೇಲೆ ಮೈಕನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಸ್ವಂತ ಅಜ್ಜಿ ತೀರಿಕೊಂಡ ಬೆಳಿಗ್ಗೆ ತೊಟ್ಟಿಲಲ್ಲಿದ್ದ ತಂಗಿ ಹಸಿದು ಅಳುತ್ತಿತ್ತಂತೆ. ಅಮ್ಮ ಯಾರ ಕಣ್ಣಿಗೂ ಬೀಳದಂತೆ ಒಳಗೆ ಹೋಗಿ ಒಲೆ ಹೊತ್ತಿಸಿದ್ದರು. ಹೆಣ ಎತ್ತುವ ಮುಂಚೆ ಒಲೆ ಹೊತ್ತಿಸಿದವಳು ಎಂದು ನೆಂಟರಿಷ್ಟರು ವರ್ಷಗಟ್ಟಲೆ ಆಡಿಕೊಂಡರಂತೆ. ‘ಮೊದಲ ಕರಡಿನಲ್ಲಿ ಅಮ್ಮ ಇದ್ದಳು. ತಿದ್ದುವಾಗ ತೆಗೆದೆ. ಹಾಲು ಉಳಕೊಂಡಿದೆ ಅನ್ನೋದು ಈಗಲೇ ಗೊತ್ತಾಗಿದ್ದು’ ಎಂದರು. ತೂಕಡಿಸುತ್ತಿದ್ದ ಹಿರಿಯರು ಅಷ್ಟರಲ್ಲಿ ನೆಟ್ಟಗೆ ಕೂತಿದ್ದರು.

ಆ ಹುಡುಗಿ ತಿಂಡಿಯ ಹೊತ್ತಿನಲ್ಲಿ ಪುಸ್ತಕ ಕೊಂಡು ಅಲ್ಲಲ್ಲಿ ತಿರುವಿದ್ದಳು, ಅಷ್ಟೇ. ಮೂರು ಸಲ ಪೂರ್ತಿ ಓದಿದ್ದ ನನಗೆ ಹಾಲು ಕಂಡಿರಲಿಲ್ಲ. ಪ್ರೇರಣೆ, ಪ್ರಭಾವ, ಆಶಯ ಹುಡುಕುತ್ತಿದ್ದವನಿಗೆ ಹಾಲು ಹೇಗೆ ಕಂಡೀತು?

ಅಂದಿನಿಂದ ನನ್ನ ಕಟ್ಟಳೆ ಒಂದೇ. ಪುಸ್ತಕದ ಹೆಸರು ಬದಲಿಸಿ ಬೇರೆ ಲೇಖಕರಿಗೂ ಕೇಳಬಹುದಾದ ಪ್ರಶ್ನೆಯಿದ್ದರೆ ಅದನ್ನು ಹೊಡೆದುಹಾಕುತ್ತೇನೆ. ನಿಮ್ಮ ಪಟ್ಟಿಯ ಮೇಲೆ ಒಮ್ಮೆ ಹೀಗೆ ಕೈಯಾಡಿಸಿ. ಹತ್ತರಲ್ಲಿ ಮೂರು ಉಳಿದರೆ ಪುಣ್ಯ. ನಲವತ್ತು ನಿಮಿಷಕ್ಕೆ ಬೇಕಾಗುವುದೂ ಐದಾರೇ.

ಹೊಸ ಪುಸ್ತಕದ ಮಾತುಕತೆಗೆ ಅದರದೇ ಒಂದು ಕಷ್ಟವಿದೆ. ಸಭೆಯಲ್ಲಿ ಯಾರೂ ಅದನ್ನು ಓದಿರುವುದಿಲ್ಲ. ಲೇಖಕರು ಓದಿದ್ದಾರೆ, ನೀವು ಓದಿದ್ದೀರಿ, ಮುನ್ನುಡಿ ಬರೆದವರು ಓದಿರಬಹುದು. ಉಳಿದವರ ಪಾಲಿಗೆ ಅದು ಬಣ್ಣದ ಕಾಗದದೊಳಗಿರುವ ಒಂದು ಕಟ್ಟು. ಹಾಗಾಗಿ ‘ನಿಮ್ಮ ಐದನೆಯ ಕಥೆಯ ನಾಯಕಿ ಕೊನೆಗೆ ತೆಗೆದುಕೊಳ್ಳುವ ನಿರ್ಧಾರ’ ಎಂದು ನೀವು ಶುರುಮಾಡಿದರೆ ಕೇಳುವವರಿಗೆ ಬೇರೆಯವರ ಮನೆಯ ಜಗಳ ಕೇಳಿದಂತಾಗುತ್ತದೆ. ಅಂತ್ಯ ಬಿಟ್ಟುಕೊಟ್ಟ ಪಾಪ ಬೇರೆ. ನಾನು ಒಮ್ಮೆ ಮಾಡಿದ್ದೇನೆ, ಆ ಲೇಖಕಿಯ ಮುಖ ಇನ್ನೂ ಕಣ್ಣಮುಂದಿದೆ.

ಇದಕ್ಕೆ ಮದ್ದು ಓದಿಸುವುದು. ಪ್ರತಿ ಪ್ರಶ್ನೆಗೂ ಮುಂಚೆ ಆ ಪ್ರಶ್ನೆ ಹುಟ್ಟಿದ ಐದಾರು ಸಾಲನ್ನು ನೀವೋ ಲೇಖಕರೋ ಗಟ್ಟಿಯಾಗಿ ಓದಿ. ಆಗ ಸಭೆಗೂ ಪ್ರಶ್ನೆ ಅರ್ಥವಾಗುತ್ತದೆ. ಮಧ್ಯೆ ಒಂದು ಕಡೆ ಮೂರು ನಿಮಿಷದ ದೊಡ್ಡ ಓದು ಇರಲಿ. ಯಾವ ಭಾಗ ಎಂಬುದನ್ನು ಮಾತ್ರ ಲೇಖಕರಿಗೇ ಬಿಡಬೇಡಿ. ಅವರು ಬೆವರು ಸುರಿಸಿ ಬರೆದ ಭಾಗವನ್ನು ಆರಿಸುತ್ತಾರೆ. ಸಾಮಾನ್ಯವಾಗಿ ಅದು ಸಂಜೆಯ ವರ್ಣನೆ. ಇಬ್ಬರು ಜಗಳವಾಡುವ, ಚೌಕಾಸಿ ಮಾಡುವ, ಸುಳ್ಳು ಹೇಳುವ ಪುಟ ಹುಡುಕಿ. ಸಭೆಯಲ್ಲಿ ಓದಿದಾಗ ಕಿವಿಗೆ ಹತ್ತುವುದು ಅದೇ.

ಕಷ್ಟದ ಜೊತೆ ಒಂದು ಲಾಭವೂ ಇದೆ. ಹೊಸ ಪುಸ್ತಕದ ಬಗ್ಗೆ ಲೇಖಕರ ಬಳಿ ಇನ್ನೂ ಸಿದ್ಧ ಉತ್ತರ ಇರುವುದಿಲ್ಲ. ಆರು ತಿಂಗಳು ಕಳೆಯಲಿ, ಹತ್ತು ಕಡೆ ಅದೇ ಪ್ರಶ್ನೆಗೆ ಅದೇ ಮಾತು ಹೇಳಿ ಹೇಳಿ ಉತ್ತರ ಉರುಹೊಡೆದ ಮಗ್ಗಿಯಾಗಿರುತ್ತದೆ. ಬಿಡುಗಡೆಯ ವಾರದಲ್ಲಿ ಅವರಿಗೇ ತಾವು ಏನು ಬರೆದಿದ್ದೇವೆ ಎಂಬುದು ಪೂರ್ತಿ ಗೊತ್ತಿರುವುದಿಲ್ಲ. ಹಾಲಿನ ಕಥೆಯಂಥದ್ದು ಹೊರಬರುವುದು ಆಗಲೇ. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ‘ಅಟ್ಟ’ದ ಬಗ್ಗೆ ಕೇಳಿರುತ್ತೀರಿ. ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಸೇರಿ ಹರಟಿದ ಜಾಗ. ಅಲ್ಲಿ ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಅದರ ಬಗ್ಗೆ ಮಾತು ನಡೆಯುತ್ತಿತ್ತು. ಆ ಭಾಗ್ಯ ನಮಗಿಲ್ಲ. ಅದಕ್ಕೆ ಹತ್ತಿರದ್ದು ಸಿಗುವುದಿದ್ದರೆ ಈ ಮೊದಲ ವಾರದಲ್ಲೇ.

ನಮ್ಮ ಬಿಡುಗಡೆ ಸಮಾರಂಭಗಳು ಮಾತ್ರ ಇದಕ್ಕೆ ಅವಕಾಶ ಕೊಡುವುದಿಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಕಾಗದ ಬಿಚ್ಚಿ ಏಳು ಜನ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಫೋಟೊ, ಕೃತಿ ಪರಿಚಯ, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷರ ಮಾತು. ಲೇಖಕರ ಸರದಿ ಬರುವಾಗ ಗಂಟೆ ಒಂದೂ ಕಾಲು, ಅವರು ಎಲ್ಲರಿಗೂ ಧನ್ಯವಾದ ಹೇಳಿ ಕೂರುತ್ತಾರೆ. ಗ್ರಂಥಾಲಯದವರ ಜೊತೆ ಈಗಲೇ ಜಗಳ ಮಾಡಿ: ಸಂವಾದ ಮೊದಲು, ಭಾಷಣ ಆಮೇಲೆ. ಅಧ್ಯಕ್ಷರಿಗೆ ಸಿಟ್ಟು ಬಂದರೆ ಶಾಲು ಸ್ವಲ್ಪ ದೊಡ್ಡದು ಹೊದಿಸಿ.

ಈ ಕಲೆಯಲ್ಲಿ ನನಗೆ ಗುರು ಅಂತ ಯಾರಾದರೂ ಇದ್ದರೆ ಅದು ಫ್ರಾನ್ಸಿನ ಬರ್ನಾರ್ ಪಿವೊ. 1975ರಿಂದ 1990ರವರೆಗೆ ಪ್ರತಿ ಶುಕ್ರವಾರ ರಾತ್ರಿ ಟಿವಿಯಲ್ಲಿ ‘ಅಪೊಸ್ಟ್ರೋಫ್’ ಎಂಬ ಕಾರ್ಯಕ್ರಮ ನಡೆಸಿದವರು. ಹೊಸ ಪುಸ್ತಕ ಬಂದ ಹಲವು ಲೇಖಕರನ್ನು ಒಂದೇ ಕಡೆ ಕೂರಿಸಿ ಮಾತಾಡಿಸುವುದು, ಅದೂ ನೇರಪ್ರಸಾರದಲ್ಲಿ. ನನಗೆ ಫ್ರೆಂಚ್ ಬರುವುದಿಲ್ಲ. ಯೂಟ್ಯೂಬಿನಲ್ಲಿ ಸಿಕ್ಕ ತುಣುಕುಗಳನ್ನು ಅಡಿಬರಹದ ನೆರವಿನಿಂದ ನೋಡಿದೆ. ಮಾತು ಅರ್ಥವಾಗದಿದ್ದರೂ ಮೈ ಅರ್ಥವಾಗುತ್ತದೆ. ಕೈಯಲ್ಲಿ ಗುರುತು ಮಾಡಿದ ಪುಸ್ತಕ, ಮುಂದಕ್ಕೆ ಬಾಗಿದ ಭುಜ, ಚಹಾ ಅಂಗಡಿಯ ಕುತೂಹಲ. ಪಂಡಿತನಂತೆ ನಟಿಸದ ಓದುಗ. ಆ ಕಾರ್ಯಕ್ರಮದ ಮರುದಿನ ಜನ ಅಂಗಡಿಗೆ ಹೋಗಿ ಪುಸ್ತಕ ಕೇಳುತ್ತಿದ್ದರು.

ಪಿವೊ ಮಾಡಿದ ಒಂದು ರಾಜಿ ನಿಮಗೆ ಉಪಯೋಗಕ್ಕೆ ಬರಬಹುದು. ‘ಲೋಲಿತಾ’ ಬರೆದ ಕಾದಂಬರಿಕಾರ ನಬೊಕೊವ್ 1975ರಲ್ಲಿ ಬಂದಾಗ ಪ್ರಶ್ನೆಗಳನ್ನು ಮೊದಲೇ ಕೊಡಬೇಕೆಂದು ಹಟ ಹಿಡಿದಿದ್ದರು. ಬರೆದುಕೊಂಡು ಬಂದ ಉತ್ತರಗಳನ್ನು ಪುಸ್ತಕಗಳ ಮರೆಯಲ್ಲಿಟ್ಟುಕೊಂಡು ಓದಿದರು. ಚಹಾದ ಕುಡಿಕೆಯಲ್ಲಿದ್ದದ್ದು ವಿಸ್ಕಿ ಎಂದು ಪಿವೊ ಆಮೇಲೆ ಹೇಳಿಕೊಂಡರು. ಅಂಥ ಘಟಾನುಘಟಿಗೇ ಬಾಯಿಮಾತಿನ ಭಯ ಇತ್ತು ಎಂದಮೇಲೆ ಮೊದಲ ಪುಸ್ತಕದ ನಿಮ್ಮ ಕಥೆಗಾರರಿಗೆ ಇರದೇ ಇರುತ್ತದೆಯೇ? ಹಿಂದಿನ ದಿನ ಫೋನ್ ಮಾಡಿ. ಎಲ್ಲ ಪ್ರಶ್ನೆ ಹೇಳಬೇಡಿ, ಮೊದಲ ಎರಡನ್ನು ಹೇಳಿ. ಆ ಎರಡನ್ನು ದಾಟಿದರೆ ಉಸಿರು ಹದಕ್ಕೆ ಬರುತ್ತದೆ. ಯಾವ ವಿಷಯ ಎತ್ತಬಾರದು ಎಂದೂ ಕೇಳಿಬಿಡಿ.

ಇದನ್ನು ಕೇಳದೆ ನಾನು ಕೆಟ್ಟಿದ್ದೇನೆ. ಒಬ್ಬ ಲೇಖಕಿಯನ್ನು, ದಾಂಪತ್ಯದ ಕಥೆಯೊಂದರ ಬಗ್ಗೆ, ‘ಇದು ಸ್ವಂತ ಅನುಭವವೇ?’ ಎಂದು ಕೇಳಿದೆ. ಅವರ ಗಂಡ ಎರಡನೆಯ ಸಾಲಿನಲ್ಲಿ ಕೂತಿದ್ದರು. ಲೇಖಕಿ ಚಾಣಾಕ್ಷತನದಿಂದ ಉತ್ತರಿಸಿದರು. ಕೆಳಗಿಳಿದ ಮೇಲೆ ನನ್ನ ಹತ್ತಿರ ಬಂದು, ‘ಹೋದ ತಿಂಗಳು ಕೊಲೆಯ ಕಾದಂಬರಿ ಬರೆದವರ ಜೊತೆ ನೀವೇ ಅಲ್ವಾ ಮಾತಾಡಿದ್ದು? ಅವರಿಗೂ ಸ್ವಂತ ಅನುಭವವಾ ಅಂತ ಕೇಳಿದ್ರಾ?’ ಎಂದರು. ಕೇಳಿರಲಿಲ್ಲ. ಅವರನ್ನು ತಂತ್ರದ ಬಗ್ಗೆ ಕೇಳಿದ್ದೆ. ಹೆಂಗಸರು ಬರೆದರೆ ಬದುಕು, ಗಂಡಸರು ಬರೆದರೆ ಕಲೆ ಎಂಬ ಲೆಕ್ಕ ನನ್ನ ತಲೆಯಲ್ಲೂ ಕೂತಿತ್ತು ಎಂಬುದು ಆಗ ಗೊತ್ತಾಯಿತು. ನಿಮ್ಮ ಕಥೆಗಾರರು ಗಂಡೋ ಹೆಣ್ಣೋ ನೀವು ಬರೆದಿಲ್ಲ. ಹೆಣ್ಣಾಗಿದ್ದರೆ ಅವರ ವಾಕ್ಯಗಳ ಬಗ್ಗೆ ಕೇಳಿ.

ಅನುವಾದದ ಪುಸ್ತಕವಾಗಿದ್ದರೆ ಲೆಕ್ಕ ಬೇರೆ. ನಿಮ್ಮದು ಅದಲ್ಲ, ಆದರೂ ಮುಂದೆ ಯಾರಾದರೂ ಇದನ್ನು ಓದಿದರೆ ಇರಲಿ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡ್ ಬಹುಮಾನ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲಾಗಿ ಹಂಚಿಕೆಯಾಯಿತು. ನಮ್ಮ ವೇದಿಕೆಗಳಲ್ಲಿ ಅನುವಾದಕರಿಗೆ ಈಗಲೂ ತುದಿಯ ಕುರ್ಚಿ. ಪ್ರಶ್ನೆಯೂ ಒಂದೇ, ‘ಅನುವಾದ ಕಷ್ಟವಾಯಿತೇ?’ ಆ ಪುಸ್ತಕದಲ್ಲಿ ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ ಹಾಕಿಲ್ಲ, ಅಡಿಟಿಪ್ಪಣಿಯೂ ಇಲ್ಲ. ಅದೊಂದನ್ನೇ ಹಿಡಿದು ಹೊರಟರೂ ಒಂದು ಗಂಟೆ ಮಾತಾಡಬಹುದು. ಇನ್ನೊಂದು ಸ್ವಾರಸ್ಯ: ಅದರಲ್ಲಿನ ಹನ್ನೆರಡು ಕಥೆಗಳು 1990ರಿಂದ 2023ರ ನಡುವೆ ಬರೆದವು. ಇಂಗ್ಲಿಷಿಗೆ ಹೊಸ ಪುಸ್ತಕ, ಕನ್ನಡ ಓದುಗರಿಗೆ ಮೂವತ್ತು ವರ್ಷದ ಒಡನಾಟ. ಮೊದಲ ಕಥೆ ಬರೆದ ಕೈಯೂ ಕೊನೆಯ ಕಥೆ ಬರೆದ ಕೈಯೂ ಒಂದೇ ಅಲ್ಲ. ನಿಮ್ಮ ಸಂಕಲನದಲ್ಲೂ ಕಥೆಗಳ ಕೆಳಗೆ ಇಸವಿ ಇದೆಯೇ ನೋಡಿ. ಇದ್ದರೆ ತೀರಾ ಹಳೆಯದನ್ನೂ ತೀರಾ ಹೊಸದನ್ನೂ ಪಕ್ಕಪಕ್ಕ ಇಟ್ಟು ಓದಿ. ಒಳ್ಳೆಯ ಪ್ರಶ್ನೆಯೊಂದು ಅಲ್ಲೇ ಬಿದ್ದಿರುತ್ತದೆ.

ಈಗ ನಿಮ್ಮ ಕಂಸದೊಳಗಿನ ಮಾತು. ಇಷ್ಟವಾಗದ್ದನ್ನು ಹೇಳಬೇಕೆ?

ತೀರ್ಪಾಗಿ ಹೇಳಬೇಡಿ. ಅವರ ಅಪ್ಪ ಅಮ್ಮ ಮುಂದೆ ಕೂತಿರುತ್ತಾರೆ, ಅದು ಅವರ ಹಬ್ಬ. ಹಾಗಂತ ಹೊಗಳಲೂಬೇಡಿ. ‘ಅದ್ಭುತ’ ಎಂಬ ಪದಕ್ಕೆ ಲೇಖಕರ ಬಳಿ ಉತ್ತರ ಇರುವುದಿಲ್ಲ, ಕೈಮುಗಿಯುತ್ತಾರೆ, ಮಾತು ಅಲ್ಲಿಗೆ ನಿಂತಿತು. ನಿಮಗೆ ಹಿಡಿಸದ ಕಡೆ ಒಂದು ನಿಜವಾದ ಪ್ರಶ್ನೆ ಅಡಗಿರುತ್ತದೆ, ಅದನ್ನು ಹೊರಗೆ ತೆಗೆಯಿರಿ. ಒಂಬತ್ತನೆಯ ಕಥೆ ಯಾಕೆ ಹಿಡಿಸಲಿಲ್ಲ? ಕೊನೆ ಎಳೆದಂತಾಯಿತೇ? ಹಾಗಿದ್ದರೆ, ‘ಬಸ್ಸು ಹೊರಟ ಕೂಡಲೇ ಕಥೆ ಮುಗಿಯಿತು ಅಂದ್ಕೊಂಡೆ. ಆಮೇಲೆ ಇನ್ನೂ ಎರಡು ಪುಟ ಇದೆ. ಆ ಎರಡು ಪುಟ ನಿಮಗೆ ಯಾಕೆ ಬೇಕಾಯ್ತು?’ ಎಂದು ಕೇಳಿ. (ಬಸ್ಸು ನನ್ನದು, ನಿಮ್ಮ ಕಥೆಯಲ್ಲಿ ಇರುವುದನ್ನು ಹಾಕಿಕೊಳ್ಳಿ.) ಇದರಲ್ಲಿ ಅವಮಾನವಿಲ್ಲ. ಒಂದೋ ಅವರ ಹತ್ತಿರ ಕಾರಣ ಇರುತ್ತದೆ, ನಿಮ್ಮ ಓದು ತಿದ್ದುತ್ತದೆ. ಇಲ್ಲವೇ ‘ನನಗೂ ಹಾಗೇ ಅನಿಸಿತ್ತು’ ಎನ್ನುತ್ತಾರೆ. ಎರಡೂ ಲಾಭವೇ. ಈ ಪ್ರಶ್ನೆಯನ್ನು ಮಾತ್ರ ಮೊದಲಿಗೆ ಇಡಬೇಡಿ, ಇಪ್ಪತ್ತೈದನೆಯ ನಿಮಿಷದ ಹೊತ್ತಿಗೆ ಇಡಿ. ಅಷ್ಟರಲ್ಲಿ ನೀವು ಪುಸ್ತಕವನ್ನು ಗಮನವಿಟ್ಟು ಓದಿದ್ದೀರಿ ಎಂಬ ನಂಬಿಕೆ ಅವರಿಗೆ ಬಂದಿರುತ್ತದೆ. ಆ ನಂಬಿಕೆ ಬಂದ ಮೇಲೆ ಯಾವ ಲೇಖಕರೂ ಸಿಟ್ಟಾದದ್ದನ್ನು ನಾನು ಕಂಡಿಲ್ಲ.

ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಇದು ನನಗೆ ಕಲಿಯಲು ನಾಲ್ಕು ವರ್ಷ ಹಿಡಿಯಿತು. ಲೇಖಕರು ಮೂರು ಸೆಕೆಂಡು ಸುಮ್ಮನಾದರೆ ನಮಗೆ ಎದೆ ಹೊಡೆದುಕೊಳ್ಳುತ್ತದೆ, ‘ಅಂದರೆ ನಾನು ಕೇಳಿದ್ದು ಏನು ಅಂದ್ರೆ’ ಎಂದು ಶುರುಹಚ್ಚುತ್ತೇವೆ. ಆ ಮೂರು ಸೆಕೆಂಡಿನಲ್ಲಿ ಅವರು ಅರಿಕೆಯಲ್ಲಿ ಇಲ್ಲದ್ದನ್ನು ಹುಡುಕುತ್ತಿರುತ್ತಾರೆ. ಹಾಲಿನ ಪ್ರಶ್ನೆ ಕೇಳಿದ ಹುಡುಗಿ ನಿಂತೇ ಇದ್ದಳು, ಒಂದು ಮಾತೂ ಸೇರಿಸಲಿಲ್ಲ.

ಇನ್ನು ಸಣ್ಣಪುಟ್ಟದ್ದು. ಪುಸ್ತಕದ ಮೇಜು ಬಾಗಿಲ ಬಳಿ ಇರಲಿ, ಮಾರಾಟ ಕಾರ್ಯಕ್ರಮಕ್ಕೆ ಮುಂಚೆಯೇ ಶುರುವಾಗಲಿ. ಸಭಿಕರ ಪ್ರಶ್ನೆಯ ಹೊತ್ತಿನಲ್ಲಿ ತಿರುಗಾಡುವ ಮೈಕನ್ನು ಯಾರ ಕೈಗೂ ಪೂರ್ತಿ ಕೊಡಬೇಡಿ, ಸ್ವಯಂಸೇವಕರೊಬ್ಬರು ಹಿಡಿದೇ ಇರಲಿ. ‘ನಾನು 1974ರಲ್ಲಿ ಮಹಾರಾಜಾ ಕಾಲೇಜಿನಲ್ಲಿದ್ದಾಗ’ ಎಂದು ಏಳುವವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ನಿಮ್ಮೂರಿನವರು ಯಾರೆಂದು ನಿಮಗೆ ಈಗಾಗಲೇ ಗೊತ್ತಿರುತ್ತದೆ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮೊದಲ ಪ್ರಶ್ನೆಗೆ ಅವರಿಗೇ ಅವಕಾಶ ಕೊಡಿ, ಎರಡು ನಿಮಿಷದಲ್ಲಿ ನಗುತ್ತಲೇ ‘ಸರ್, ಪ್ರಶ್ನೆ?’ ಅನ್ನಿ. ಕೊನೆಗೆ ಬಿಟ್ಟರೆ ವಂದನಾರ್ಪಣೆ ಕತ್ತಲಲ್ಲಿ ಆಗುತ್ತದೆ.

ಪುಸ್ತಕವನ್ನು ಇನ್ನೊಮ್ಮೆ ಓದಿ. ಈ ಸಲ ಪೆನ್ಸಿಲ್ ಬೇಡ, ಒಲೆಯ ಮೇಲೆ ಏನಿದೆ ಎಂದು ನೋಡುತ್ತಾ ಓದಿ. ಕಾರ್ಯಕ್ರಮ ಮುಗಿದ ಮೇಲೆ ಆ ಒಂಬತ್ತನೆಯ ಕಥೆಗೆ ಅವರು ಏನೆಂದರು ಅಂತ ಇಲ್ಲಿ ಕೆಳಗೆ ಬರೆಯಿರಿ, ನನಗೂ ತಿಳಿಯಬೇಕು.