‘ಬೆಟ್ಟಿ ಬ್ಲೂ’ ನಾಯಕಿಯ ಅಭಿನಯದ ಬಗ್ಗೆ
ಮಾನ್ಯರೇ, ಝಾಂ-ಝಾಕ್ ಬೆನೆಕ್ಸ್ ನಿರ್ದೇಶನದ 1986ರ ಫ್ರೆಂಚ್ ಚಿತ್ರ ‘ಬೆಟ್ಟಿ ಬ್ಲೂ’ದಲ್ಲಿ ಬೆಟ್ಟಿಯಾಗಿ ನಟಿಸಿದ ಬೆಯಾಟ್ರಿಸ್ ದಾಲ್ ಅವರದು ಬರೀ ಕಿರುಚಾಟವಲ್ಲವೇ ಎಂದು ಕೇಳಿದ್ದೀರಿ. ನನಗೆ ಹಾಗೆನಿಸುವುದಿಲ್ಲ. ಪ್ರಿಯಕರ ಜೋರ್ಗ್ ಬರೆದು ಮೂಲೆಗೆಸೆದಿದ್ದ ಕಾದಂಬರಿಯ ಹಸ್ತಪ್ರತಿಯನ್ನು ರಾತ್ರಿಯಿಡೀ ಓದಿ, ಬಳಿಕ ಟೈಪಿಂಗ್ ಸರಿಯಾಗಿ ಬಾರದಿದ್ದರೂ ಒಂದೊಂದೇ ಅಕ್ಷರ ಹುಡುಕಿ ಕುಟ್ಟುತ್ತ ಕೂರುವ ಬೆಟ್ಟಿಯನ್ನು ಗಮನಿಸಿ. ಮುಂದೆ ಅವಳನ್ನೇ ಸುಡುವ ಹಟ ಅಲ್ಲಿ ಇನ್ನೂ ಪ್ರೀತಿಯ ರೂಪದಲ್ಲಿದೆ. ಇದು ದಾಲ್ ಅವರ ಮೊದಲ ಚಿತ್ರವೆಂದರೆ ನಂಬುವುದು ಕಷ್ಟ. ಆದರೂ ಚಿತ್ರವನ್ನು ಹೊತ್ತು ನಿಂತವರು, ನನ್ನ ಮಟ್ಟಿಗೆ, ಜೋರ್ಗ್ ಪಾತ್ರದ ಝಾಂ-ಯೂಗ್ ಆಂಗ್ಲಾಡ್. ಪಿಯಾನೊ ದೃಶ್ಯದಲ್ಲಿ ಜೋರ್ಗ್ ಆರಂಭಿಸಿದ ರಾಗಕ್ಕೆ (ಸಂಗೀತ ಗೇಬ್ರಿಯಲ್ ಯಾರೆದ್ ಅವರದು) ಬೆಟ್ಟಿ ನಾಲ್ಕಾರು ಸ್ವರಗಳನ್ನು ಸೇರಿಸುವಾಗ, ಮಾತೇ ಇಲ್ಲದೆ ಅವರಿಬ್ಬರ ಸಂಬಂಧ ಕಣ್ಣಿಗೆ ಕಟ್ಟುತ್ತದೆ. ಸಾಧ್ಯವಾದರೆ ಸುಮಾರು 3 ಗಂಟೆಯ ಆವೃತ್ತಿಯನ್ನೇ ನೋಡಿ. ಎರಡು ಗಂಟೆಯದರಲ್ಲಿ ಬೆಟ್ಟಿಯ ಕುಸಿತ ತೀರ ಅವಸರದ್ದೆನಿಸುತ್ತದೆ.