ಹ್ಯಾಗ್ಲರ್ ಒಂದು ಫೈಟ್ ಸೋತಿದ್ದಕ್ಕೆ ಹದಿನಾಲ್ಕು ವರ್ಷದ ಕೆಲಸ ಕಡಿಮೆ ಆಗುತ್ತಾ?

ಪ್ರಶ್ನೆ: ಸರ್, ನಾನು ಹಳೇ ಬಾಕ್ಸಿಂಗ್ ಫೈಟ್‌ಗಳನ್ನ ಹುಡುಕಿ ಹುಡುಕಿ ನೋಡೋನು. ಮಾರ್ವಿನ್ ಹ್ಯಾಗ್ಲರ್ ನನ್ನ ಫೇವರಿಟ್. ಆದ್ರೆ ಅವನ ಹೆಸರು ಎತ್ತಿದ ಕೂಡ್ಲೇ ಫ್ರೆಂಡ್ಸ್ ಎಲ್ಲಾ "ಲಿಯೊನಾರ್ಡ್ ಹತ್ರ ಸೋತ್ನಲ್ಲ" ಅಂತಾರೆ. ಬ್ರಾಡ್ಮನ್ ಕೊನೇ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದ್ರೂ ಯಾರೂ ಅವರನ್ನ ಕಡಿಮೆ ಮಾಡಲ್ಲ, ಹ್ಯಾಗ್ಲರ್‌ಗೆ ಮಾತ್ರ ಯಾಕೆ ಹಿಂಗೆ?

ಉತ್ತರ: ಕಡಿಮೆ ಆಗ್ಬಾರ್ದು, ಆದ್ರೆ ಆಗುತ್ತೆ. ಬ್ರಾಡ್ಮನ್ ಆ ಸೊನ್ನೆಗೆ ಮುಂಚೆ ಟೆಸ್ಟ್‌ನಲ್ಲಿ 79 ಇನಿಂಗ್ಸ್ ಆಡಿದ್ರು. ಬಾಕ್ಸಿಂಗ್ ಚಾಂಪಿಯನ್‌ಗೆ ತನ್ನಷ್ಟೇ ದೊಡ್ಡ ಆಟಗಾರನ ಎದುರು ನಿಲ್ಲೋ ಚಾನ್ಸ್ ಇಡೀ ಕರಿಯರ್‌ನಲ್ಲಿ ಮೂರೋ ನಾಲ್ಕೋ ಸಲ ಸಿಕ್ರೆ ಹೆಚ್ಚು, ಹಂಗಾಗಿ ಅದರಲ್ಲಿ ಒಂದು ಹೋದ್ರೆ ಜನ ಅದನ್ನೇ ಹಿಡ್ಕೊಂಡು ಕೂರ್ತಾರೆ.

ಈಗ ಹ್ಯಾಗ್ಲರ್ ವಿಷ್ಯಕ್ಕೆ ಬರೋಣ. 1979ರಲ್ಲಿ ಲಾಸ್ ವೇಗಸ್‌ನಲ್ಲಿ ವಿಟೊ ಆಂಟುಫರ್ಮೊ ಎದುರು ಮಿಡಲ್‌ವೇಟ್ ಅನ್ನೋ ತೂಕದ ವಿಭಾಗದ ಟೈಟಲ್‌ಗೆ ಆಡ್ದ, ಗೆದ್ದೆ ಅಂದ್ಕೊಂಡಿದ್ದ, ಜಡ್ಜ್‌ಗಳು ಡ್ರಾ ಕೊಟ್ರು, ಬೆಲ್ಟ್ ಆಂಟುಫರ್ಮೊ ಹತ್ರಾನೇ ಉಳೀತು. ಮಾರನೇ ವರ್ಷ ಲಂಡನ್‌ಗೆ ಹೋಗಿ, ಅಷ್ಟರಲ್ಲಿ ಚಾಂಪಿಯನ್ ಆಗಿದ್ದ ಅಲನ್ ಮಿಂಟರ್‌ನ ಮೂರೇ ರೌಂಡಲ್ಲಿ ಮುಗಿಸಿ ಚಾಂಪಿಯನ್ ಆದ, ಗ್ಯಾಲರಿಯಿಂದ ಬಾಟಲಿ ತೂರಿ ಬಂತು, ಬೆಲ್ಟ್ ಕೈಗೆ ತಗೊಂಡು ಸಂಭ್ರಮ ಪಡೋಕೂ ಬಿಡ್ಲಿಲ್ಲ ಅವನಿಗೆ. ಅಲ್ಲಿಂದ ಆರೂವರೆ ವರ್ಷ, 12 ಸಲ ಟೈಟಲ್ ಉಳಿಸ್ಕೊಂಡ, ಅದರಲ್ಲಿ ಎಲ್ಲಾ ರೌಂಡ್ ಮುಗಿಸಿ ಜಡ್ಜ್‌ಗಳ ಪಾಯಿಂಟ್ಸ್ ತನಕ ಹೋಗಿದ್ದು ರೊಬೆರ್ಟೊ ಡುರಾನ್ ಒಬ್ಬನೇ, ಉಳಿದ 11 ಫೈಟೂ ಅರ್ಧದಲ್ಲೇ ಮುಗಿದ್ವು. 1985ರಲ್ಲಿ ಥಾಮಸ್ ಹರ್ನ್ಸ್ ಜೊತೆ ಆಡಿದ ಆ ಮೂರು ರೌಂಡ್ ಇದೆಯಲ್ಲ, ಸುಮಾರು ಎಂಟು ನಿಮಿಷ ಅಷ್ಟೇ ಅದು, ಬಾಕ್ಸಿಂಗ್ ಗೊತ್ತಿಲ್ಲದೋರಿಗೂ ತೋರಿಸ್ಬಹುದು.

ಇಷ್ಟೆಲ್ಲ ಮಾಡಿದೋನು 1987 ಏಪ್ರಿಲ್ 6ಕ್ಕೆ ಶುಗರ್ ರೇ ಲಿಯೊನಾರ್ಡ್ ಎದುರು ಬಂದ. ಲಿಯೊನಾರ್ಡ್‌ಗೆ 1982ರಲ್ಲಿ ಕಣ್ಣಿನ ರೆಟಿನಾ ಆಪರೇಷನ್ ಆಗಿತ್ತು, ಐದು ವರ್ಷದಲ್ಲಿ ಆಡಿದ್ದು ಒಂದೇ ಫೈಟ್, ಆ ಫೈಟಲ್ಲೂ ಒಂದ್ಸಲ ಕೆಳಗೆ ಬಿದ್ದಿದ್ದ. ಹ್ಯಾಗ್ಲರ್ ಸುಲಭವಾಗಿ ಗೆಲ್ತಾನೆ ಅಂತಾನೇ ಹೆಚ್ಚಿನವರು ಅಂದ್ಕೊಂಡಿದ್ರು. ಆದ್ರೆ ಫೈಟ್‌ನ ಅರ್ಧ ಒಪ್ಪಂದದ ಟೇಬಲ್ ಮೇಲೇ ನಿರ್ಧಾರ ಆಗಿತ್ತು ಅಂತ ನನ್ನ ಖಚಿತ ಅಭಿಪ್ರಾಯ. 15 ರೌಂಡ್ ಬದ್ಲು 12, ಓಡಾಡೋಕೆ ಜಾಗ ಇರೋ ದೊಡ್ಡ ರಿಂಗ್, ಏಟಿನ ಜೋರು ತಗ್ಗಿಸೋ 10 ಔನ್ಸ್ ಗ್ಲೌಸ್, ಈ ಮೂರೂ ಲಿಯೊನಾರ್ಡ್ ಕೇಳಿದ್ದು, ಹ್ಯಾಗ್ಲರ್ ಮೂರಕ್ಕೂ ಒಪ್ಕೊಂಡ. ಅದರ ಮೇಲೆ ಎಡಗೈ ಆಟಗಾರ ಆದ ಹ್ಯಾಗ್ಲರ್ ಶುರುವಿನ ರೌಂಡ್‌ಗಳಲ್ಲಿ ಬಲಗೈಯವರ ಥರ ನಿಂತು ಆಡ್ದ, ಅವು ಸುಮ್ನೆ ಕೈತಪ್ಪಿ ಹೋದ್ವು. ಲಿಯೊನಾರ್ಡ್ ಪ್ರತೀ ರೌಂಡ್‌ನ ಕೊನೇ ಅರ್ಧ ನಿಮಿಷ ಪಟಪಟ ಅಂತ ಪಂಚ್ ಸುರಿಸ್ತಿದ್ದ, ತಾಗಿದ್ದಕ್ಕಿಂತ ಕಣ್ಣಿಗೆ ಕಂಡಿದ್ದು ಜಾಸ್ತಿ, ಬೆಲ್ ಹೊಡೆಯೋವಾಗ ಜಡ್ಜ್ ತಲೇಲಿ ಉಳಿಯೋದು ಅದೇ ತಾನೇ. ಒಬ್ಬ ಜಡ್ಜ್ 115-113 ಲಿಯೊನಾರ್ಡ್‌ಗೆ, ಇನ್ನೊಬ್ರು ಅಷ್ಟೇ ಅಂಕ ಹ್ಯಾಗ್ಲರ್‌ಗೆ, ಮೂರನೆಯವರು 118-110 ಲಿಯೊನಾರ್ಡ್‌ಗೆ ಕೊಟ್ರು. ಆ 118 ತಪ್ಪು, ಅದನ್ನ ಯಾರು ಕೇಳಿದ್ರೂ ಹೇಳ್ತೀನಿ. ಆದ್ರೆ ನಾನು ಅಂಕ ಹಾಕ್ಕೊಂಡು ನೋಡಿದ್ರೂ ಲಿಯೊನಾರ್ಡ್‌ಗೇ ಒಂದು ರೌಂಡ್ ಮುಂದೆ ಬರುತ್ತೆ, ನಿಮಗೆ ಬೇಜಾರಾಗ್ಬಹುದು.

ಇದು ಹ್ಯಾಗ್ಲರ್‌ಗೆ ಇಷ್ಟು ಭಾರ ಆಗಿದ್ದಕ್ಕೆ ಕಾರಣ ಬರೀ ಆ ಸೋಲಲ್ಲ, ಅದರ ನಂತರ ಏನೂ ಇಲ್ಲ ಅನ್ನೋದು. ರೀಮ್ಯಾಚ್‌ಗೆ ಕಾದ, ಲಿಯೊನಾರ್ಡ್ ಬರ್ಲಿಲ್ಲ, 1988ರಲ್ಲಿ ರಿಟೈರ್ ಆಗಿ ಇಟಲಿಗೆ ಹೋಗಿ ಸಿನಿಮಾ ಮಾಡ್ಕೊಂಡಿದ್ದ, 2021ರಲ್ಲಿ ತೀರಿಕೊಳ್ಳೋವರೆಗೂ ವಾಪಸ್ ರಿಂಗ್‌ಗೆ ಇಳೀಲೇ ಇಲ್ಲ. ದುಡ್ಡು ಕೊಡ್ತೀವಿ ಅಂದ್ರೂ ಬರದೇ ಇರೋದಕ್ಕೆ ಎಂಥಾ ಗಟ್ಟಿ ಮನಸ್ಸು ಬೇಕು ಯೋಚ್ನೆ ಮಾಡಿ, ನಂಗೆ ಅವನ ಮೇಲೆ ಗೌರವ ಹೆಚ್ಚಾಗಿದ್ದೇ ಇದಕ್ಕೆ. ಆದ್ರೆ ರೆಕಾರ್ಡ್ ತೆಗೆದು ನೋಡೋರಿಗೆ ಕೊನೇ ಸಾಲಿನಲ್ಲಿ ಸೋಲು ಕಾಣುತ್ತೆ.

ಜಾರ್ಜ್ ಫೋರ್‌ಮನ್‌ನ ಪಕ್ಕದಲ್ಲಿಟ್ಟು ನೋಡಿ. 1974ರಲ್ಲಿ ಕಿನ್ಶಾಸದಲ್ಲಿ ಮುಹಮ್ಮದ್ ಅಲಿ ಎಂಟನೇ ರೌಂಡಲ್ಲಿ ಅವನನ್ನ ಕೆಡವಿದ. ಅದಕ್ಕೆ ಮುಂಚೆ ಅವನು ಜೋ ಫ್ರೇಜಿಯರ್‌ನ ಎರಡು ರೌಂಡಲ್ಲಿ ಆರು ಸಲ ನೆಲಕ್ಕೆ ಹಾಕಿದ್ದ, 40 ಫೈಟ್ ಆಡಿ 40ನ್ನೂ ಗೆದ್ದಿದ್ದ, ಆದ್ರೂ ಇಪ್ಪತ್ತು ವರ್ಷ "ಅಲಿ ಹತ್ರ ಸೋತೋನು" ಅಂತಾನೇ ಉಳ್ಕೊಂಡ. ಮಧ್ಯೆ ಹತ್ತು ವರ್ಷ ಆಟ ಬಿಟ್ಟು ಚರ್ಚ್‌ನಲ್ಲಿ ಪ್ರವಚನ ಮಾಡ್ತಿದ್ದ. 1994ರಲ್ಲಿ, 45 ವರ್ಷ ಅವನಿಗೆ, ಕಿನ್ಶಾಸದಲ್ಲಿ ಹಾಕಿದ್ದ ಅದೇ ಕೆಂಪು ಚಡ್ಡಿ ಹಾಕ್ಕೊಂಡು ಬಂದು ಆಗಿನ ಹೆವಿವೇಟ್ ಚಾಂಪಿಯನ್ ಮೈಕಲ್ ಮೂರರ್‌ನ ಹತ್ತನೇ ರೌಂಡಲ್ಲಿ ಒಂದೇ ಬಲಗೈ ಏಟಿಗೆ ಮಲಗಿಸಿದ. ಅಲ್ಲಿಗೆ ಅಲಿ ಎದುರಿನ ಸೋಲೂ ಬೇರೆ ಥರ ಕಾಣೋಕೆ ಶುರು ಆಯ್ತು, ಸೋತು ಎದ್ದು ಬಂದೋನ ಕತೆ ಆಯ್ತು ಅದು. ಹ್ಯಾಗ್ಲರ್ ತನಗೆ ಆ ಅವಕಾಶ ಕೊಟ್ಕೊಳ್ಳಲಿಲ್ಲ.

ಗೆದ್ದೋರಿಗೂ ಇದೇ ಲೆಕ್ಕ. ಬಸ್ಟರ್ ಡಗ್ಲಾಸ್ 1990 ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಟೈಸನ್‌ನ ಮಲಗಿಸಿದ, ಅದೇ ಅಕ್ಟೋಬರ್‌ನಲ್ಲಿ ಹೋಲಿಫೀಲ್ಡ್ ಎದುರು ಮೂರನೇ ರೌಂಡಿಗೆ ಮುಗಿದ. ಅವನ ಹೆಸರು ಉಳಿದಿದೆ, ಆದ್ರೆ ಶ್ರೇಷ್ಠರ ಪಟ್ಟಿಗೆ ಯಾರೂ ಸೇರಿಸಲ್ಲ.

ಫ್ರೆಂಡ್ಸ್‌ಗೆ ಹೀಗೆ ಹೇಳಿ: ಸೋತಿದ್ದು ನಿಜ, ಆದ್ರೆ ಮಿಡಲ್‌ವೇಟ್‌ನಲ್ಲಿ ಆರೂವರೆ ವರ್ಷ ಯಾರಿಂದ್ಲೂ ಅವನನ್ನ ಅಲುಗಾಡಿಸೋಕೆ ಆಗ್ಲಿಲ್ಲ, ಲಿಯೊನಾರ್ಡ್ ಅವನ ಎದುರು ಬಂದಿದ್ದು ಒಂದೇ ರಾತ್ರಿಗೆ.

ಪ್ರಶ್ನೆ: ಮೇವೆದರ್ ಪ್ಯಾಕಿಯಾವೊನ ಸೋಲಿಸಿದ ಮೇಲೆ ಯಾರು ದೊಡ್ಡೋರು ಅನ್ನೋ ಚರ್ಚೆ ಮುಗೀತಲ್ವಾ?

ಉತ್ತರ: ಆ ರಾತ್ರಿ ಯಾರು ಗೆದ್ರು ಅನ್ನೋದರಲ್ಲಿ ಡೌಟ್ ಇಲ್ಲ, ಮೂವರು ಜಡ್ಜ್‌ಗಳೂ ಮೇವೆದರ್‌ಗೇ ಕೊಟ್ರು, ಸರಿಯಾಗೇ ಕೊಟ್ರು. ಆದ್ರೆ ಆ ಫೈಟ್ ಆಗ್ಬೇಕಿದ್ದಿದ್ದು 2010ರಲ್ಲಿ. ರಕ್ತ ಪರೀಕ್ಷೆ ವಿಷ್ಯಕ್ಕೆ ಮಾತುಕತೆ ಮುರಿದು ಬಿತ್ತು, ಕೊನೆಗೆ 2015 ಮೇ 2ಕ್ಕೆ ನಡೆಯೋವಾಗ ಮೇವೆದರ್‌ಗೆ 38, ಪ್ಯಾಕಿಯಾವೊಗೆ 36, ಅಷ್ಟರಲ್ಲಿ ಮಾರ್ಕೆಸ್ ಅನ್ನೋ ಬಾಕ್ಸರ್ 2012ರಲ್ಲಿ ಪ್ಯಾಕಿಯಾವೊನ ಆರನೇ ರೌಂಡಲ್ಲಿ ಮುಖ ಅಡಿಯಾಗಿ ಬೀಳಿಸಿ ಆಗಿತ್ತು. ಪ್ಯಾಕಿಯಾವೊ ಭುಜಕ್ಕೆ ಏಟಾಗಿದ್ದೂ ಆಮೇಲೆ ಗೊತ್ತಾಯ್ತು. 46 ಲಕ್ಷ ಜನ ದುಡ್ಡು ಕೊಟ್ಟು ಖರೀದಿ ಮಾಡಿ ನೋಡಿದ ಫೈಟ್ ಅದು, ದುಡ್ಡಿನ ದಾಖಲೆ ಆಯ್ತು, ಆದ್ರೆ ಐದು ವರ್ಷ ತಡವಾಗಿ ಬಂದಿದ್ದಕ್ಕೆ ಇಬ್ಬರ ಹೆಸರಿಗೂ ಅದರಿಂದ ಸೇರಿದ್ದು ಕಡಿಮೆ. ಮೇವೆದರ್‌ನ ಸೊನ್ನೆ ಸೋಲಿನ ರೆಕಾರ್ಡ್ ಹಂಗೇ ಉಳೀತು, 2017ರಲ್ಲಿ ಅದನ್ನ 50-0 ಮಾಡ್ಕೊಂಡ. ಪ್ಯಾಕಿಯಾವೊಗೆ ಎಂಟು ತೂಕದ ವಿಭಾಗದಲ್ಲಿ ಟೈಟಲ್ ಗೆದ್ದ ಏಕೈಕ ಮನುಷ್ಯ ಅನ್ನೋದು ಆ ಸೋಲಿನಿಂದ ಹೋಗ್ಲಿಲ್ಲ, ಅದರ ಮೇಲೆ 2019ರಲ್ಲಿ ನಲವತ್ತು ವರ್ಷಕ್ಕೆ, ಅಲ್ಲಿವರೆಗೆ ಸೋಲೇ ಕಾಣದಿದ್ದ ಕೀತ್ ಥರ್ಮನ್‌ನ ಮೊದಲ ರೌಂಡಲ್ಲೇ ಒಂದ್ಸಲ ಕೆಡವಿ, ಕೊನೆಗೆ ಪಾಯಿಂಟ್ಸ್ ಮೇಲೆ ಬೆಲ್ಟ್ ಗೆದ್ದ. ಇಬ್ಬರಲ್ಲಿ ಡಿಫೆನ್ಸ್ ಯಾರದ್ದು ಮೇಲು ಅಂದ್ರೆ ಮೇವೆದರ್ ಅಂತೀನಿ, ಯಾರ ಕರಿಯರ್ ದೊಡ್ಡದು ಅಂದ್ರೆ ನಂಗೆ ಪ್ಯಾಕಿಯಾವೊ.