ಚಂದ್ರಂಪಳ್ಳಿಯಲ್ಲಿ ಕಂಡ ಹಳದಿ ಹಕ್ಕಿ ಬಗ್ಗೆ

ನಮಸ್ಕಾರ ಸರ್. ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡಿಗೆ ಹೋದಾಗ ಚಂದ್ರಂಪಳ್ಳಿ ಡ್ಯಾಮ್ ಹತ್ತಿರ ಒಂದು ಸಣ್ಣ ಹಳದಿ ಹಕ್ಕಿ ಮೇಲಕ್ಕೆ ನೆಗೆದು, ಉಂಡೆ ಥರ ಸುತ್ತುತ್ತಾ ಕೆಳಗಿಳಿಯಿತು, ಏನಾದ್ರೂ ಪೆಟ್ಟಾಗಿತ್ತಾ ಅಂತ ಕೇಳಿದ್ದೀರಿ. ಗಾಬರಿ ಬೇಡ, ಅದಕ್ಕೇನೂ ಆಗಿಲ್ಲ. ಅದು ಮಧುರಕಂಠ (ಇಂಗ್ಲಿಷಿನಲ್ಲಿ ಕಾಮನ್ ಅಯೋರಾ) ಅನ್ನೋ ಹಕ್ಕಿಯ ಗಂಡು. ಹೆಣ್ಣನ್ನು ಒಲಿಸಿಕೊಳ್ಳೋಕೆ ಹಾಗೆ ಮಾಡುತ್ತದೆ.

ನಿಮ್ಮ ಅದೃಷ್ಟ ದೊಡ್ಡದು ಬಿಡಿ. ನಾನು ಈ ಆಟವನ್ನು ಹತ್ತಿರದಿಂದ ನೋಡಿದ್ದು ಒಂದೇ ಸಲ. ಸೊಂಟದ ಮೇಲಿನ ಗರಿಗಳನ್ನೆಲ್ಲ ಉಬ್ಬಿಸಿಕೊಂಡಿತ್ತು. ಇಳಿಯುವಾಗ ಎಳೆದೆಳೆದು ಸಿಳ್ಳೆ ಹಾಕುತ್ತಿತ್ತು. ಕೊಂಬೆ ಮೇಲೆ ಕೂತ ಮೇಲೂ ಬಾಲ ಬಿಚ್ಚಿ, ರೆಕ್ಕೆ ಇಳಿಬಿಟ್ಟು ಹಾಗೇ ಇತ್ತು. ಇಷ್ಟೆಲ್ಲ ಆಟ ಆಡೋ ಹಕ್ಕಿಯ ಉದ್ದ ಸುಮಾರು 14 ಸೆಂಟಿಮೀಟರ್ ಅಷ್ಟೇ!

ಮಳೆಗಾಲದಲ್ಲಿ ಗಂಡಿನ ತಲೆ, ರೆಕ್ಕೆ ಕಪ್ಪಾಗಿರುತ್ತವೆ, ರೆಕ್ಕೆಯಲ್ಲಿ ಎರಡು ಬಿಳಿ ಪಟ್ಟಿ. ಹೆಣ್ಣು ಹಸಿರು ಜಾಸ್ತಿ, ಎಲೆಗಳ ನಡುವೆ ಗೊತ್ತೇ ಆಗಲ್ಲ. ಎಲೆ ಎಲೆ ಹುಡುಕಿ ಹುಳ, ಜೇಡ ತಿನ್ನುತ್ತವೆ. ಕಾಡೇ ಬೇಕಂತಿಲ್ಲ, ಕಲಬುರಗಿ ಊರೊಳಗಿನ ಬೇವಿನ ಗಿಡ, ಹುಣಸೆ ಗಿಡಗಳನ್ನೂ ನೋಡಿ. ಸಿಳ್ಳೆ ಮೊದಲು ಕೇಳುತ್ತದೆ, ಹಕ್ಕಿ ಆಮೇಲೆ ಕಾಣುತ್ತದೆ.

ಗೂಡು ಎಲ್ಲಿ ಅಂತಾನೂ ಕೇಳಿದ್ದೀರಲ್ವಾ? ಕೊಂಬೆ ಕವಲಿನಲ್ಲಿ ಒಂದು ಪುಟ್ಟ ಬಟ್ಟಲು. ಹೊರಗಡೆಯೆಲ್ಲ ಜೇಡರ ಬಲೆ ಮೆತ್ತಿರುತ್ತದೆ. ಎರಡರಿಂದ ನಾಲ್ಕು ಮೊಟ್ಟೆ, ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ. ಸಿಕ್ಕರೆ ದಯವಿಟ್ಟು ಫೋಟೋಗಂತ ಸುಮ್ನೆ ಎಲೆ ಸರಿಸಬೇಡಿ. ಮೊಟ್ಟೆ ಕದಿಯೋಕೆ ಕಾಗೆ, ಕೆಂಬೂತಗಳು ನೋಡುತ್ತಲೇ ಇರುತ್ತವೆ.